ಕಣ್ಣಿನ ಮಟ್ಟ ಬಿಟ್ಟುಕೊಡದ ಡ್ರಾಯಿಂಗ್ ಮೇಡಂ

ಕಟ್ಟಡಗಳನ್ನು ಚಂದಗಾಣಿಸಿ ಚಿತ್ರ ಬರೆಯುವವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಟ್ಟಡದೆದುರು ಬದುಕುವವರ ಕಣ್ಣಿನಿಂದಲೇ ಬರೆಯಬೇಕೆಂದು ಹಟ ಹಿಡಿದವರು, ಮೂವತ್ನಾಲ್ಕು ವರ್ಷ ನಗರಸಭೆಯ ನಮ್ಮ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ಡ್ರಾಯಿಂಗ್ ಮೇಡಂ ಒಬ್ಬರೇ.

ನಾನು ಅವರ ವಿದ್ಯಾರ್ಥಿನಿ. ಮೊದಲ ವರ್ಷ, ಗೆರೆಗಳೆಲ್ಲ ಓಡಿ ಸೇರುವ ಎರಡೂ ಲೀನಬಿಂದುಗಳನ್ನು ಹಾಳೆಯೊಳಗೇ ತುರುಕಿ ಅಂಚೆ ಕಚೇರಿ ಬರೆದಿದ್ದೆ. ಅದರ ಮೂಲೆ ಕೊಡಲಿಯ ಬಾಯಂತೆ ಚಾಚಿತ್ತು.

“ಏನಮ್ಮಾ, ಕಾಗದ ಹಾಕೋಕೆ ಬಂದವರ ಕೈ ಕತ್ತರಿಸ್ತೀಯಾ?” ಎಂದು ನಕ್ಕ ಮೇಡಂ, ಹಾಳೆಯಾಚೆ ಗೋಡೆಗೆ ಮೊಳೆ ಹೊಡೆದು ಅಲ್ಲಿಂದ ದಾರ ಎಳೆದು ತಂದರು. “ಹಾಳೆ ಮುಗೀತು ಅಂತ ಲೋಕ ಮುಗಿಯಲ್ಲ. ಬಿಂದು ದೂರ ಇಡು.” ಎರಡನೆಯ ಮೊಳೆ ಹೊಡೆದು ಗಾರೆ ಉದುರಿಸಿದವಳು ನಾನು, ಪ್ರಾಂಶುಪಾಲರ ಬೈಗುಳ ತಿಂದವರು ಅವರು.

ಕ್ಷಿತಿಜ ರೇಖೆಯೆಂದರೆ ನೋಡುವವರ ಕಣ್ಣಿನ ಮಟ್ಟ. ಅದನ್ನೆಲ್ಲಿ ಎಳೆದಿದ್ದಾರೆಂದು ನೋಡಿದರೆ ಚಿತ್ರ ಯಾರ ಪರ ಎಂಬುದು ತಿಳಿದುಹೋಗುತ್ತದೆ. ಕೆಲ ವರ್ಷಗಳ ಹಿಂದೆ, ಬುಟ್ಟಿ ಹೆಣೆಯುವ ನಮ್ಮ ಗಲ್ಲಿಯೆದುರು ಒಂಬತ್ತು ಮಹಡಿಯ ಕಟ್ಟಡ ಎಬ್ಬಿಸಲು ಹೊರಟ ನಗರಸಭೆ, ಜನರ ಸಭೆಗೆ ತೋರಿಸಲು ಮೇಡಂ ಕೈಲಿ ಚಿತ್ರ ಬರೆಸಿತು. ಬಿಸಿಲು ತಪ್ಪಿದರೆ ಸೀಳಿದ ಬಿದಿರು ಬೂಷ್ಟು ಹಿಡಿಯುತ್ತದೆ. ನಮ್ಮ ಅನ್ನ ಹೋಗುತ್ತದೆ. ಮೇಡಂ ನಮ್ಮ ಮನೆಯ ಮೆಟ್ಟಿಲ ಬಳಿ ನಿಂತು, ನನ್ನವ್ವನ ಕಣ್ಣಿನ ಎತ್ತರಕ್ಕೆ ಕ್ಷಿತಿಜ ಎಳೆದರು. ಚಿತ್ರದಲ್ಲಿ ಆಕಾಶ ಉಳಿದದ್ದು ಬೆರಳಗಲ.

ನಗರಸಭೆಯ ಇಂಜಿನಿಯರ್ ಸಾಹೇಬರು ಶಾಲೆಗೇ ಬಂದರು. “ಮೇಡಂ, ಆ ಗೆರೆ ಮೇಲೆತ್ತಿ. ಮೇಲಿಂದ ನೋಡಿದ್ರೆ ಎಷ್ಟು ಚಂದ!”

“ಮೇಲಿಂದ ನೋಡೋರು ಯಾರು ಸಾರ್? ಕಾಗೆ ತಾನೇ?”

“ಮುಖ್ಯಸ್ಥರ ಹುದ್ದೆ ಪಟ್ಟೀಲಿ ನಿಮ್ಮ ಹೆಸರಿದೆ, ನೋಡಿ ಮತ್ತೆ.”

“ಹೊಡೆದುಹಾಕಿ. ಗೆರೆ ಅಲ್ಲೇ ಇರುತ್ತೆ.”

ಸಭೆಯಲ್ಲಿ ಚಿತ್ರ ಕಂಡ ಅವ್ವ ಕೂಗಿದಳು: “ಇದು ನಮ್ಮ ಬಾಗಿಲು ಕಣ್ರೇ! ಬಿಸಿಲೆಲ್ಲಿ?” ಎದ್ದ ಗಲ್ಲಿ, ಯೋಜನೆ ಕೈಬಿಟ್ಟೆವೆಂದು ನಗರಸಭೆ ಬರೆದುಕೊಡುವತನಕ ಕೂರಲಿಲ್ಲ. ಪಟ್ಟಿಯಿಂದ ಮೇಡಂ ಹೆಸರೂ ಹೋಯಿತು. ಸೇರಿದ ಹುದ್ದೆಯಿಂದಲೇ ಈ ತಿಂಗಳು ನಿವೃತ್ತಿ. ಇದನ್ನು ಅವರ ಸೋಲೆನ್ನುವವರು ನಮ್ಮ ಗಲ್ಲಿಗೊಮ್ಮೆ ಮಧ್ಯಾಹ್ನ ಬರಲಿ.

ಈಗ ಅದೇ ಜಾಗಕ್ಕೆ ಹೊಸ ಯೋಜನೆ ಬಂದಿದೆ, ಕಂಪ್ಯೂಟರಿನಲ್ಲಿ ಮುಗಿಲ ಮೇಲಿಂದ ಬರೆದ ಚಿತ್ರದೊಂದಿಗೆ. ನಿವೃತ್ತಿಯ ಮರುದಿನ ಬೆಳಿಗ್ಗೆಯೇ ಮೇಡಂ ನಮ್ಮ ಗಲ್ಲಿಯಲ್ಲಿ ಚಿತ್ರ ಓದುವುದನ್ನು ಕಲಿಸಲಿದ್ದಾರೆ. ಐವತ್ತೆರಡು ಮಂದಿ ಹೆಸರು ಕೊಟ್ಟಿದ್ದೇವೆ. ಅವರು ನೂರು ವರ್ಷ ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ. ನಮ್ಮನ್ನು ಮೇಲಿಂದ ನೋಡುವವರಿಗೆ ಅಷ್ಟು ಕಾಲವೂ ನೆಮ್ಮದಿ ಇಲ್ಲದಿರಲಿ.