ಹಳೆಯ ವಿಂಚಿಗೆ ಹೊಡೆದ ಹೊಸ ಪ್ಲೇಟು

ರುದ್ರೇಶ, ನಿನ್ನ ವಿಂಚಿನ ಮೇಲಿದ್ದ ಕಂಪನಿ ಪ್ಲೇಟು ಅದರದ್ದಲ್ಲ. ಬೇರೊಂದು ಒಡೆದ ವಿಂಚಿನಿಂದ ಬಿಚ್ಚಿ ಅದಕ್ಕೆ ಹೊಡೆದವನು ನಾನು. ಅದು ಗೊತ್ತಿದ್ದೂ, ಹಾಲೇಶನ ಕಾಲು ಹೋದ ಮೇಲೆ ನಿನ್ನ ಮುಖ ನೋಡಿಕೊಂಡು ತಪ್ಪು ನಿನ್ನದೇ ಎಂದವನೂ ನಾನು. ಒಂಬತ್ತು ವರ್ಷವಾಯಿತು. ಈ ಮೂರು ಸಾಲು ಬರೆಯುವ ಮೊದಲು ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ಚನ್ನಗಿರಿಯ ನನ್ನ ಶೆಡ್ಡಿಗೆ ಜನ ಎರಡು ಕೆಲಸಕ್ಕೆ ಬರುತ್ತಿದ್ದರು. ಕೆಸರಿನಲ್ಲಿ ಹೂತ, ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆಯುವ ಜೀಪುಗಳ ಮುಂದೆ ವಿಂಚು ಇರುತ್ತದಲ್ಲ, ಅದನ್ನು ಬಿಚ್ಚಿ ಹೊಸದರಂತೆ ಮಾಡಿಸಿಕೊಳ್ಳಲು ಒಂದು. ಹರಾಜಿನಲ್ಲಿ ತಂದ ಹಳೆಯ ವಿಂಚು ಯಾವ ಕಾಲದ್ದು ಎಂದು ಕೇಳಲು ಇನ್ನೊಂದು. ಕೆಲಸ ಎಲ್ಲರೂ ಮಾಡುತ್ತಾರೆ. ವಯಸ್ಸು ಹೇಳುವುದು ಮಾತ್ರ ನನ್ನ ವಿದ್ಯೆ ಎಂದು ನನಗೆ ಭಾರಿ ಜಂಬ. ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಸಾಕು — ಇಂಚಿನದು ಕೂತರೆ ಹಳೆಯ ಮಾಡಲ್, ಮಿಲಿಮೀಟರಿನದು ಕೂತರೆ ಹೊಸದು. ಹೊಸದರಲ್ಲಿ ರೋಪು ಸುತ್ತುವ ಡ್ರಮ್ಮಿನ ಶಾಫ್ಟು ದಪ್ಪ, ಹಳೆಯದರದ್ದು ಸಣ್ಣ. ಹೊಸದು ಎಳೆಯುವ ಭಾರಕ್ಕೆ ಹಳೆಯದನ್ನು ಹೂಡಿದರೆ ಶಾಫ್ಟು ತಡೆಯುವುದಿಲ್ಲ. ಇಷ್ಟೇ ವಿದ್ಯೆ. ಹೊನ್ನಾಳಿಯಿಂದ, ಜಗಳೂರಿನಿಂದ ಬಂದವರು ನನ್ನ ಬಾಯಿಂದ ವರ್ಷ ಕೇಳಿಸಿಕೊಂಡು ತಲೆಯಾಡಿಸುವಾಗ ನಾನು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನೀನು ನ್ಯಾಮತಿಯಿಂದ ಪ್ಲೇಟಿಲ್ಲದ ಆ ವಿಂಚು ತಂದ ದಿನ ಶೆಡ್ಡಿನಲ್ಲಿ ಐದಾರು ಜನ ಟೀ ಕುಡಿಯುತ್ತಿದ್ದರು. ನೀನು ಗಾಡಿಯಿಂದ ಇಳಿಯುವ ಮೊದಲೇ, "ಮೇಸ್ತ್ರಿ, ಇದರ ವಯಸ್ಸು ಎಷ್ಟೈತೆ ಹೇಳ್ರಿ ನೋಡಾಣ" ಎಂದೆ. ನಾನು ಟೀ ಲೋಟ ಕೂಡ ಕೆಳಗಿಡಲಿಲ್ಲ. ಹೊರಗಿನ ಎರಡು ಬೋಲ್ಟಿನ ತಲೆ ನೋಡಿ, "ಹೊಸ ಮಾಡಲ್ ಕಣೋ. ಕಣ್ಣು ಮುಚ್ಚಿಕೊಂಡು ಎಳಿ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಮುಖ ಅರಳಿತು.

ಮಾರನೆಯ ದಿನ ಹೊಸದರಂತೆ ಮಾಡಲೆಂದು ನಾನು ಅದನ್ನು ಬಿಚ್ಚಿದೆ. ಹೊರಗಿನ ಬೋಲ್ಟುಗಳನ್ನು ಯಾರೋ ಎಂದೋ ಬದಲಾಯಿಸಿದ್ದರು. ಒಳಗೆ ಒಂದೊಂದೂ ಇಂಚಿನದೇ. ಶಾಫ್ಟು ಸಣ್ಣದು. ಹಳೆಯದು — ನಾನು ಹೇಳಿದ್ದಕ್ಕಿಂತ ಎಷ್ಟೋ ಹಳೆಯದು. ಆಗಲೇ ನಿನಗೊಂದು ಫೋನು ಮಾಡಿದ್ದರೆ... ಹೇಳುವುದು ಎಷ್ಟು ಮಾತು? "ನೋಡುವುದರಲ್ಲಿ ತಪ್ಪಾಯಿತು, ಭಾರ ಕಮ್ಮಿ ಹಾಕು." ಆದರೆ ಆ ಐದಾರು ಜನರ ನಗು ಕಿವಿಯಲ್ಲಿತ್ತು. ವಯಸ್ಸು ಹೇಳುವ ಮೇಸ್ತ್ರಿಗೇ ವಯಸ್ಸು ಗೊತ್ತಾಗಲಿಲ್ಲವಂತೆ ಎಂದು ಆಡಿಕೊಳ್ಳುತ್ತಾರೆ ಎನಿಸಿತು. ಮೂಲೆಯಲ್ಲಿ ಹೊಸ ಮಾಡಲಿನದೊಂದು ಒಡೆದ ವಿಂಚು ಬಿದ್ದಿತ್ತು. ಅದರ ಪ್ಲೇಟು ತೆಗೆದು ನಿನ್ನದಕ್ಕೆ ಹೊಡೆದು, ಕಂಪನಿಯಿಂದ ತರಿಸಿದೆ ಎಂದು ನಿನಗೆ ಹೇಳಿದೆ. ಎಷ್ಟು ಭಾರ ಎಳೆಯಬಹುದು ಎಂದು ಆ ಪ್ಲೇಟಿನ ಮೇಲೆ ಬರೆದಿತ್ತು, ರುದ್ರೇಶ. ಹೊಡೆಯುವಾಗ ನಾನು ಅದನ್ನು ಓದಿದ್ದೆ.

ಅಷ್ಟಕ್ಕೇ ನಿಂತಿದ್ದರೂ ಹಾಲೇಶ ಇವತ್ತು ಎರಡು ಕಾಲಿನ ಮೇಲೆ ನಡೆಯುತ್ತಿದ್ದನೇನೋ. ಕೆರೆಬಿಳಚಿ ಹತ್ತಿರ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ಎಳೆದು ನೋಡಿದೆವಲ್ಲ, ಅವತ್ತು ವಿಂಚಿನ ಪಿನ್ನು ಮುರಿಯಿತು. ಆ ಪಿನ್ನು ಇರುವುದೇ ಮುರಿಯುವುದಕ್ಕೆ. ಭಾರ ಮಿತಿ ಮೀರಿದರೆ ಮೊದಲು ತಾನು ಮುರಿದು ಡ್ರಮ್ಮನ್ನು ನಿಲ್ಲಿಸುತ್ತದೆ, ಮನುಷ್ಯರನ್ನು ಉಳಿಸುತ್ತದೆ. ನೀನು ತುಂಡಾದ ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು, "ಹೊಸ ಮಾಡಲ್ ಅಂದಿದ್ರಿ, ಇಷ್ಟಕ್ಕೇ ಹೋತಲ್ರಿ ಮೇಸ್ತ್ರಿ" ಎಂದೆ. ನಿನ್ನ ದನಿಯಲ್ಲಿ ಅನುಮಾನವೂ ಇರಲಿಲ್ಲ. ನಾನೇ, "ಪಿನ್ನು ಕಳಪೆ ಬಂದೈತೆ" ಎಂದೆ. ಶೆಡ್ಡಿಗೆ ತಂದು ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಿ, ಹೊಸ ಮಾಡಲಿಗೆ ಹಾಕುವ ದಪ್ಪ ಪಿನ್ನು ಕೂರಿಸಿದೆ. ಆಮೇಲೆ ಅದು ಮುರಿಯಲೇ ಇಲ್ಲ. ಹೊನ್ನಾಳಿ ಹತ್ತಿರ ಆ ನಾಲೆಯ ಏರಿಯ ಮೇಲೆ, ಮುರಿಯಬೇಕಾದ ಹೊತ್ತಿನಲ್ಲೂ ಮುರಿಯಲಿಲ್ಲ.

ಅವತ್ತು ನಾನಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ — ನಾಲೆಗೆ ಜಾರಿದ ಭತ್ತ ಕೊಯ್ಯುವ ಮಷೀನು, ಮೇಲೆ ನಿನ್ನ ಜೀಪು, ಮಷೀನು ಹಿಂದಕ್ಕೆ ಉರುಳದಂತೆ ಅದರ ಚಕ್ರದ ಹಿಂದೆ ಕಟ್ಟಿಗೆ ಕೊಡುತ್ತ ಬಗ್ಗಿದ ಹಾಲೇಶ. ನಿನ್ನ ಹೆಂಡತಿ ಗಿರಿಜಾಳ ಒಬ್ಬನೇ ತಮ್ಮ. ಡ್ರಮ್ಮಿನ ಶಾಫ್ಟು ತುಂಡಾಗುವ ಸದ್ದು ಹೇಗಿರುತ್ತದೆಂದು ನನಗೆ ಗೊತ್ತು. ಆಮೇಲಿನದನ್ನು ನಾನು ಬರೆಯಲಾರೆ. ನೀನು ನೋಡಿದ್ದೀಯ.

ಆಸ್ಪತ್ರೆಯಲ್ಲಿ ಅವನ ಕಾಲು ತೆಗೆದ ವಾರಕ್ಕೆ ನೀನು ಮುರಿದ ವಿಂಚನ್ನು ಹಾಕಿಕೊಂಡು ಬಂದೆ. ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. "ಮೇಸ್ತ್ರಿ, ಖರೇ ಹೇಳ್ರಿ. ನಾನು ಎಳೆಯಾದ್ರಾಗೆ ತಪ್ಪಾತಾ?" ಎಂದು ಕೇಳಿದೆ. ನಾನು ಹೆದರಿದ್ದೆ. ಪೊಲೀಸರಿಗೆ ಹೆದರಿದ್ದೆ, ಹಾಲೇಶನ ಮನೆಯವರಿಗೆ ಹೆದರಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ಕಣ್ಣು ಆ ಪ್ಲೇಟಿನ ಕಡೆ ತಿರುಗೀತೆಂದು ಹೆದರಿದ್ದೆ. "ನೇರಕ್ಕೆ ಎಳೀದೆ ಅಡ್ಡ ಎಳೆದೀಯ ಕಣಪ್ಪ" ಎಂದೆ. "ಅಡ್ಡ ಎಳೆದ್ರೆ ಯಾವ ಶಾಫ್ಟೂ ತಡಿಯಲ್ಲ." ನೀನು ಸುಮ್ಮನೆ ತಲೆಯಾಡಿಸಿದೆ, ವಯಸ್ಸು ಕೇಳಲು ಬಂದವರು ಆಡಿಸುವ ಹಾಗೆಯೇ. ವಿಂಚನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟು ಹೋದೆ.

ಆಮೇಲೆ ನಿನ್ನ ಸುದ್ದಿ ಕೇಳುತ್ತಲೇ ಇದ್ದೆ. ಜೀಪು ಮಾರಿದೆ, ಗೊಬ್ಬರದಂಗಡಿಯಲ್ಲಿ ಚೀಲ ಹೊರುತ್ತೀಯ, ಬೈಕಿನಲ್ಲಿ ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಗಿರಿಜಾ ಅಡುಗೆ ಮಾಡಿ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹಾಲೇಶ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಒಮ್ಮೆ ನ್ಯಾಮತಿಯ ಬಸ್‌ ನಿಲ್ದಾಣದಲ್ಲಿ ನಿನ್ನನ್ನು ದೂರದಿಂದ ನೋಡಿ ಬಸ್ಸಿನ ಹಿಂದೆ ಅಡಗಿಕೊಂಡೆ. ಈ ವಯಸ್ಸಿನಲ್ಲಿ, ಬಸ್ಸಿನ ಹಿಂದೆ. ನಾಚಿಕೆಯಾಗುತ್ತದೆ.

ಇನ್ನೂ ಕೆಟ್ಟದ್ದು ಬಾಕಿ ಇದೆ. ಆ ವಿಂಚನ್ನು ಗುಜರಿಗೆ ಹಾಕಬೇಕಿತ್ತು. ಹಾಕಲಿಲ್ಲ. ಹೊಸ ಶಾಫ್ಟು, ಅದೂ ಸಣ್ಣದೇ, ಲೇತಿನಲ್ಲಿ ಮಾಡಿಸಿ ಜಗಳೂರಿನ ತಿಪ್ಪೇಸ್ವಾಮಿಗೆ ಕೊಟ್ಟೆ — ಅದೇ ಪ್ಲೇಟಿನೊಂದಿಗೆ, ಅದೇ ದಪ್ಪ ಪಿನ್ನಿನೊಂದಿಗೆ. ಪ್ಲೇಟು ತೆಗೆದರೆ ಯಾಕೆ ತೆಗೆದೆ ಎಂದು ಯಾರಾದರೂ ಕೇಳುತ್ತಾರೆ, ಪಿನ್ನು ಬದಲಾಯಿಸಿದರೆ ಮೊದಲಿನದು ಯಾಕೆ ದಪ್ಪವಿತ್ತು ಎನ್ನುತ್ತಾರೆ... ಹೀಗೆ ಯೋಚಿಸಿದೆ. ಮನುಷ್ಯ ಹೆದರಿದಾಗ ಎಷ್ಟು ಚೆನ್ನಾಗಿ ಯೋಚಿಸುತ್ತಾನೆ ನೋಡು. ಅಂದಿನಿಂದ ಜಗಳೂರು ಕಡೆಯಿಂದ ಫೋನು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಅವನು ಬರೀ ಬೈಕು, ಆಟೋ, ಸಣ್ಣ ಗಾಡಿ ಎಳೆಯುತ್ತಿದ್ದ. ದೇವರೇ, ಅಷ್ಟರಲ್ಲೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕಳೆದ ಸೋಮವಾರ ಅವನ ಫೋನು ಬಂತು. ಗಾಳಿಯಂತ್ರಗಳ ಕಡೆ ಹೋಗುವ ಎರೆಮಣ್ಣಿನ ದಾರಿಯಲ್ಲಿ ತುಂಬಿದ ಲಾರಿಯೊಂದು ಅಚ್ಚಿನ ತನಕ ಹೂತಿದೆ, ನಾಳೆ ಎಳೆಯಬೇಕು ಎಂದ. "ಪ್ಲೇಟಿನ ಮ್ಯಾಲೆ ಬರದಷ್ಟು ಎಳೀತೈತಲ್ರಿ ಮೇಸ್ತ್ರಿ?" ಎಂದು ಕೇಳಿದ. ನಾನು ಏನು ಹೇಳಿದೆ ಗೊತ್ತೇ? "ಹ್ಞೂಂ" ಎಂದೆ. ನಾಲಿಗೆ ತಾನೇ ಹೇಳಿತು. ಫೋನಿಟ್ಟ ಮೇಲೆ ತಿರುಗಿ ಮಾಡಿದರೆ ಅವನು ಎತ್ತಲಿಲ್ಲ. ಮಂಗಳವಾರ ಮೊದಲ ಬಸ್ಸು ಹಿಡಿದೆ. ದಾವಣಗೆರೆಯಲ್ಲಿ ಇನ್ನೊಂದು ಬಸ್ಸು, ಜಗಳೂರಿನಿಂದ ಒಂದು ಆಟೋ. ದಾರಿಯುದ್ದಕ್ಕೂ ಮತ್ತೆ ಮತ್ತೆ ಫೋನು ಮಾಡಿದೆ. ಸಿಗ್ನಲ್ ಇಲ್ಲ, ಇಲ್ಲ, ಇಲ್ಲ.

ತಲುಪಿದಾಗ ರೋಪು ಬಿಗಿಯಾಗಿತ್ತು. ಲಾರಿಯ ಚಕ್ರದ ಹಿಂದೆ ಒಬ್ಬ ಮನುಷ್ಯ ಕಲ್ಲು ಕೊಡುತ್ತ ಬಗ್ಗಿದ್ದ. ಇಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳುವಂತಿರಲಿಲ್ಲ. ಕೆಸರಿನಲ್ಲಿ ಹೋಗಿ ಜೀಪಿಗೂ ಲಾರಿಗೂ ನಡುವೆ, ಎಳೆದ ರೋಪಿನ ಪಕ್ಕದಲ್ಲೇ ನಿಂತೆ. ಹಾಗೆ ನಿಲ್ಲಬಾರದು ಎಂದು ಎಷ್ಟು ಜನಕ್ಕೆ ಬೈದಿದ್ದೇನೋ. ತಿಪ್ಪೇಸ್ವಾಮಿ ಗಾಬರಿಯಾಗಿ ಇಂಜಿನ್ ನಿಲ್ಲಿಸಿದ. ಆ ಬಗ್ಗಿದವನು ಚಕ್ರದ ಹಿಂದಿನಿಂದ ಎದ್ದು ಬಂದ ಮೇಲೆಯೇ ನಾನು ಬಾಯಿ ಬಿಟ್ಟೆ. ಎಲ್ಲರ ಮುಂದೆ ಎಲ್ಲವನ್ನೂ ಹೇಳಿದೆ. ಪ್ಲೇಟನ್ನು ಅಲ್ಲೇ ಕಿತ್ತೆ. ಯಾರೂ ಬೈಯಲಿಲ್ಲ. ತಿಪ್ಪೇಸ್ವಾಮಿ ರೋಪು ಬಿಚ್ಚಿ ಬಂದು, "ನಮಗೆ ಹೇಳಾಕೆ ಇಲ್ಲೀ ತನಕ ಬಂದ್ರಿ. ಆ ನ್ಯಾಮತಿ ಹುಡುಗಂಗೆ ಹೇಳೀರಾ?" ಎಂದು ಕೇಳಿದ.

ಇಲ್ಲ ಎಂದೆ.

ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಹಾಲೇಶನನ್ನು ಕರೆಸು, ಬರಲಾರೆ ಎಂದರೆ ನಾನೇ ಅವನ ಮನೆಗೆ ಹೋಗುತ್ತೇನೆ. ಠಾಣೆಗೆ ಬಾ ಎಂದರೆ ಬಂದು ಇದನ್ನೇ ಬರೆದುಕೊಡುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಕೇಳುವ ಬಾಯಿ ನನಗಿಲ್ಲ. ಭಯ ಹೋಗಿಲ್ಲ, ರುದ್ರೇಶ — ಗಿರಿಜಾ ಬಾಗಿಲು ತೆಗೆಯುವ ಗಳಿಗೆಯದೇ ಭಯ.

ಒಂದು ಮಾತು ಮಾತ್ರ ಭಾನುವಾರದ ತನಕ ಕಾಯಬಾರದು. ನೀನು ವಿಂಚು ಬಿಟ್ಟು ಹೋದ ದಿನವೇ ನಾನು ಡ್ರಮ್ಮನ್ನು ತಿರುಗಿಸಿ ನೋಡಿದ್ದೆ. ಅಡ್ಡ ಎಳೆದರೆ ರೋಪು ಒಂದು ಅಂಚಿಗೆ ಗುಡ್ಡೆ ಬಿದ್ದು ಅಲ್ಲಿ ಕಬ್ಬಿಣ ಉಜ್ಜಿಹೋಗಿರುತ್ತದೆ. ಎರಡೂ ಅಂಚಿನ ಬಣ್ಣ ಹಾಗೇ ಇತ್ತು. ರೋಪಿನ ಗುರುತು ನಟ್ಟನಡುವೆ ಇತ್ತು. ನಾನು ಬರುವ ಮೊದಲೇ ಇದನ್ನು ಗಿರಿಜಾಳಿಗೆ ಓದಿ ಹೇಳು — ನೀನು ನೇರಕ್ಕೇ ಎಳೆದಿದ್ದೆ.