ಎತ್ತರಕ್ಕೆ ಬರೆದ ಅಕ್ಷರಗಳು

ಗದಗ ಹೊಸ ಜಿಲ್ಲೆಯಾದಾಗ ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ವಾಸನೆ. ನನ್ನ ಗಂಡ ಬೋರ್ಡು ಬರೆಯುವವರು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಚೇರಿಗಳ ಫಲಕಗಳಲ್ಲೆಲ್ಲ ‘ಜಿ: ಧಾರವಾಡ’ ಅಳಿಸಿ ‘ಜಿ: ಗದಗ’ ಎಂದು ಬರೆಯಬೇಕಾಗಿತ್ತು. ಬ್ರಷ್ ತೊಳೆದ ಸೀಮೆಎಣ್ಣೆಯ ವಾಸನೆ ಬೆಟಗೇರಿಯ ನಮ್ಮ ಎರಡು ಕೋಣೆಗಳಲ್ಲಿ ಬಹಳ ಕಾಲ ನಿಂತಿತು. ರೊಟ್ಟಿಗೂ ಅದೇ ವಾಸನೆ. ಯಾರೂ ದೂರಲಿಲ್ಲ, ಕೆಲಸವಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಬೋರ್ಡು ತಯಾರು. ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕೆನೆ ಕಟ್ಟಿದ್ದನ್ನು ಕಡ್ಡಿಯಿಂದ ಚುಚ್ಚಿ ನೋಡಿ ಮತ್ತೆ ಮುಚ್ಚಿಡುವುದೇ ಇವರ ದಿನಚರಿಯಾಯಿತು.

ಆಗ ಗದಗಿನ ಕಂಪ್ಯೂಟರ್ ಅಂಗಡಿಯವನೊಬ್ಬ ಮನೆಗೆ ಬಂದ. “ಕಾಕಾ, ನಿಮ್ಮ ಅಕ್ಷರ ಎಲ್ಲಾ ಹಾಳಿ ಮ್ಯಾಲ ಬರದು ಕೊಡ್ರಿ. ಫಾಂಟ್ ಮಾಡಿಸ್ತೀನಿ. ಲಗ್ನಪತ್ರಿಕಿ, ಪುಸ್ತಕ, ಎಲ್ಲಾ ನಿಮ್ಮ ಅಕ್ಷರದಾಗ. ಚೊಲೋ ಆತಂದ್ರ ನಮ್ಮ ಅಂಗಡ್ಯಾಗ ನಿಮಗೊಂದು ಕುರ್ಚಿ ಖಾಯಂ.”

“ಫಾಂಟ್ ಅಂದ್ರ?”

“ಒಮ್ಮೆ ಬರದ್ರ ಆತು, ಕೀಲಿ ಒತ್ತಿದಾಗೆಲ್ಲಾ ಅದ ಅಕ್ಷರ ಬರ್ತೈತಿ. ನೀವು ಮನ್ಯಾಗ ಮಲಗಿದ್ರೂ ನಿಮ್ಮ ಕೈ ದುಡೀತಿರ್ತೈತಿ ಕಾಕಾ!”

ಆ ಕುರ್ಚಿಗಾಗಿ ಇವರು ಎರಡು ತಿಂಗಳು ಬರೆದರು. ಹಾಳೆಯನ್ನು ಬಾಗಿಲ ಮೇಲಿನ ಗೋಡೆಗೆ ಅಂಟಿಸಿ, ಸ್ಟೂಲು ಹತ್ತಿ ಬರೆಯುವುದು. ಇಳಿದು ಅಂಗಳದಿಂದ ಕತ್ತೆತ್ತಿ ನೋಡುವುದು. ಮತ್ತೆ ಹತ್ತಿ ತಿದ್ದುವುದು. ಎತ್ತರದ ಬೋರ್ಡನ್ನು ಕೆಳಗಿನಿಂದ ನೋಡಿದರೆ ಅಕ್ಷರದ ಮೇಲ್ಭಾಗ ಕುಗ್ಗಿದಂತೆ ಕಾಣುತ್ತದೆ. ಅದಕ್ಕೇ ಬೋರ್ಡು ಬರೆಯುವವರು ತಲೆಯನ್ನು ತುಸು ದೊಡ್ಡದು ಮಾಡುತ್ತಾರೆ. ಇವರ ಕೈ ತಾನಾಗಿಯೇ ಹಾಗೆ ಮಾಡುತ್ತಿತ್ತು.

ಬರೆದ ಹಾಳೆಗಳನ್ನು ನೆಲದ ಮೇಲೆ ಹರವಿ ಒಣಗಿಸುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆದು ಬೆಳೆದವಳು ನಾನು. ಗೆರೆ ದಾಟಿದರೆ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಮೊದಲ ದಿನವೇ ನನಗೆ ಕಂಡಿತು: ನೆಲದ ಮೇಲೆ ಅಕ್ಷರಗಳೆಲ್ಲ ತಲೆಭಾರವಾಗಿ, ಈಗ ಬಿದ್ದಾವು ಎನ್ನುವಂತಿದ್ದವು. ಲಗ್ನಪತ್ರಿಕೆಯನ್ನು ಜನ ಓದುವುದೂ ಹೀಗೇ, ಕೆಳಗಿಟ್ಟುಕೊಂಡು. ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಅಲ್ಲೇ ಜೋಳ ಹಸನು ಮಾಡುತ್ತ ಕುಳಿತಿದ್ದರು. ಮದುವೆಯಾದ ಹೊಸತರಲ್ಲಿ ಇವರ ಬೋರ್ಡೊಂದರ ಸಾಲು ವಾರೆಯಾಗಿದೆ ಎಂದಿದ್ದಕ್ಕೆ, “ಕಾನ್ವೆಂಟ್ನಾಗ ಕಲತಾಕಿ, ಗಂಡನ ಕಾಪಿ ತಿದ್ದಾಕ ಬಂದಾಳ ನೋಡ್ರವಾ” ಎಂದು ಓಣಿಗೆಲ್ಲ ಹೇಳಿ ನಕ್ಕಿದ್ದರು. ಬಾಯಿ ಮುಚ್ಚಿದೆ. ಮಾರನೆಯ ದಿನವೂ. ಹಾಳೆಗಳ ರಾಶಿ ಬೆಳೆದಷ್ಟೂ ಹೇಳುವುದು ಕಷ್ಟವಾಯಿತು.

ಫಾಂಟ್ ತಯಾರಾಯಿತೆಂದು ಕರೆ ಬಂದಾಗ ಅಂಗಡಿಗೆ ನಾನೂ ಹೋದೆ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅವನು ಇವರ ಅಕ್ಷರದಲ್ಲಿ ಮುದ್ರಿಸಿದ ಲಗ್ನಪತ್ರಿಕೆಯೊಂದನ್ನು ಮೇಜಿನ ಮೇಲಿಟ್ಟ.

“ಏನ್ ಕಾಕಾ ಇದು? ಎಲ್ಲಾ ಅಕ್ಷರ ತಲಿ ಮ್ಯಾಲ ಹೊರಿ ಹೊತ್ತಂಗ ನಿಂತಾವು!”

“ಮ್ಯಾಲ ಹಚ್ಚಿ ನೋಡ್ರಿ, ಬರೋಬ್ಬರಿ ಕಾಣ್ತಾವು.”

“ಲಗ್ನಪತ್ರಿಕಿ ಓದಾಕ ಮಂದಿ ಗೋಡಿಗೆ ಮೊಳಿ ಹೊಡೀಬೇಕೇನ್ರಿ?”

ಅಲ್ಲಿದ್ದವರು ನಕ್ಕರು. ಇವರೂ ಸ್ವಲ್ಪ ನಕ್ಕರು. “ಮತ್ತೊಮ್ಮೆ ಬರದು ಕೊಡ್ತೀನ್ರಿ.”

“ಬ್ಯಾಡ ಬಿಡ್ರಿ ಕಾಕಾ. ರೆಡಿ ಫಾಂಟ್ ಬೇಕಾದಷ್ಟು ಸಿಗ್ತಾವು.”

ಬಸ್ಸಿಗೆ ಕಾಯುವಾಗ ಇವರು ಕೇಳಿದರು. “ನಿನಗ ಕಂಡಿತ್ತೇನು?”

“ಹೌದ್ರಿ.”

“ಯಾವಾಗ?”

“ಮೊದಲನೇ ದಿನಾನ.”

ಬೈಯಲಿಲ್ಲ. ಬಸ್ಸು ಬಂದಾಗ ನನ್ನ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ನಿಂತರು.

ಮುಂದೆ ಇವರು ಲಕ್ಷ್ಮೇಶ್ವರದ ಕಾಳಿನ ಪೇಟೆಗೆ ಹೋಗತೊಡಗಿದರು. ಚೀಲದ ಮೇಲೆ ಅಕ್ಷರ ಕೊರೆದ ತಗಡು ಇಟ್ಟು ಮಸಿ ಬಳಿಯುವ ಕೆಲಸ. ಒಂದು ಸಂಜೆ ಆ ತಗಡು ಯಾರು ಕೊರೆದದ್ದು ಎಂದು ಕೇಳಿದೆ.

“ಯಾಕ, ತಪ್ಪು ಅದಾವೇನು ಅದರಾಗ?” ಎಂದರು. “ಇದ್ರ ಈಗ ಧಾರಾಳ ಹೇಳು. ನಾ ಬರದದ್ದಲ್ಲ.”