ಕ್ವಾರಂಟೈನ್ ಅಂದರೆ ನಲವತ್ತು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಹಳ್ಳಿಮೈಸೂರಿಗೆ ಬಂದ ಹೆಲ್ತ್ ಇನ್ಸ್‌ಪೆಕ್ಟರು, ಮಗುವಿಗೆ ಸಿಡುಬು ಎದ್ದಿರುವ ಎದುರುಮನೆಗೆ ‘ಕ್ವಾರಂಟೈನ್’ ಎಂದು ಹೇಳಿ ಹೋದರು. ಮಗುವಿನ ತಾಯಿ ಗೌರಿ ಹೆದರಿ ಬಾಗಿಲು ಹಾಕಿಕೊಂಡಳು.

“ಅಂಗಂದ್ರೇನು ಮೇಷ್ಟ್ರೇ, ಜೈಲಾ?” ಪಕ್ಕದ ಮನೆಯ ನಿಂಗಮ್ಮ ನನ್ನನ್ನು ಕೇಳಿದರು.

ಶಾಲೆಯ ನಿಘಂಟು ತೆಗೆದು ನೋಡಿದೆ. ಆ ಪದ ಹುಟ್ಟಿದ್ದು ‘ನಲವತ್ತು’ ಎಂಬ ಅರ್ಥದ ಇಟಲಿಯ ಮಾತಿನಿಂದ. ಹಿಂದೆ ವೆನಿಸಿನವರು ಪ್ಲೇಗಿಗೆ ಹೆದರಿ, ಬಂದ ಹಡಗುಗಳನ್ನು ನಲವತ್ತು ದಿನ ದೂರವೇ ನಿಲ್ಲಿಸುತ್ತಿದ್ದರಂತೆ. ಅದನ್ನೇ ಓದಿ ಹೇಳಿದೆ.

“ಅಷ್ಟು ದಿನ ಹಡಗ್ನೋರ್ಗೆ ಉಣ್ಣಕ್ಕೆ ಯಾರು ಕೊಡೋರು?”

ನಿಘಂಟಿನಲ್ಲಿ ಅದಿರಲಿಲ್ಲ. ನಿಂಗಮ್ಮ ಒಳಗೆ ಹೋಗಿ ಮುದ್ದೆ, ಸಾರು ತಂದು ಎದುರು ಜಗಲಿಯ ಮೇಲಿಟ್ಟು, ದೂರ ನಿಂತು ಕೂಗಿದರು: “ತಗಳವ್ವ ಗೌರಿ, ನಾಳೀಕೂ ತತ್ತೀನಿ.”

ಹಡಗಿನವರ ಊಟದ ಸಂಗತಿ ನಿಮಗ್ಯಾರಿಗಾದರೂ ಗೊತ್ತಿದ್ದರೆ ಬೇಗ ತಿಳಿಸಿ. ನಿಂಗಮ್ಮ ಆಗಲೇ ಎರಡು ಸಲ ಕೇಳಿಯಾಯಿತು.